ಸೀರೆ ಅಂಗಡಿಯಲ್ಲಿ ನಾನು, ಫೋನಿನಲ್ಲಿ ಮೂವರು

2017ರಲ್ಲಿ ಚಿಕ್ಕಪೇಟೆಗೆ ಮೆಟ್ರೋ ಬಂದ ಮೇಲೆ ಒಬ್ಬಳೇ ಸೀರೆ ಕೊಳ್ಳಲು ಹೋಗುವುದು ನನಗೆ ರೂಢಿಯಾಯಿತು. ಜಯನಗರದಲ್ಲಿ ಹತ್ತಿದರೆ ಆಯಿತು, ಗಾಡಿ ನಿಲ್ಲಿಸುವ ತಲೆನೋವಿಲ್ಲ. ಆದರೆ ಎದುರಿಗೆ ನಲವತ್ತು ಸೀರೆ ಬಿಚ್ಚಿ ಹರಡಿದ ಮೇಲೆ ನನ್ನ ತಲೆ ಓಡುವುದಿಲ್ಲ. ಮಡಿಚುವ ಹುಡುಗನ ಮುಖ ನೋಡಿ ಪಾಪ ಅನ್ನಿಸಿ, ಸುಮ್ನೆ ಯಾವುದೋ ಒಂದನ್ನು ಎತ್ತಿಕೊಂಡು ಬಂದದ್ದೂ ಉಂಟು. ಅದಕ್ಕೇ ಫೋನಿನಲ್ಲಿ ಗೆಳತಿಯರನ್ನು ಕೇಳಲು ಶುರು ಮಾಡಿದೆ.

ಮೊದಲು ಮಾಡಿದ್ದು ದೊಡ್ಡ ತಪ್ಪು. ಹದಿನಾಲ್ಕು ಜನರಿರುವ ವಾಟ್ಸ್ಆ್ಯಪ್ ಗುಂಪಿಗೆ ಒಂಬತ್ತು ಫೋಟೋ ಹಾಕಿ "ಹೇಗಿದೆ?" ಅಂತ ಕೇಳಿದೆ. ಎಲ್ಲದಕ್ಕೂ "ಸೂಪರ್" ಬಂತು. ಒಬ್ಬರು ರೇಟು ಕೇಳಿದರು, ಇನ್ನೊಬ್ಬರು ಯಾರ ಮದುವೆ ಅಂದರು. 2022ರಲ್ಲಿ ವಾಟ್ಸ್ಆ್ಯಪ್‌ನಲ್ಲಿ ಪೋಲ್ ಬಂದಾಗ ಅದನ್ನೂ ನೋಡಿದೆ. ಯಾರು ಯಾವುದಕ್ಕೆ ಒತ್ತಿದರು ಎಂಬುದು ಅಲ್ಲಿ ಎಲ್ಲರಿಗೂ ಕಾಣುತ್ತದೆ. ನಮ್ಮ ಗುಂಪಿನಲ್ಲಿ ಅತ್ತಿಗೆ ಮೊದಲು ಒತ್ತಿದ್ದಕ್ಕೇ ಉಳಿದವರೂ ಒತ್ತಿದರು. ಅತ್ತಿಗೆಗೆ ಎದುರಾಡುವವರು ಯಾರು ಹೇಳಿ!

ಈಗ ಕೇಳುವುದು ಮೂವರನ್ನು ಮಾತ್ರ, ಒಬ್ಬೊಬ್ಬರಿಗೂ ಬೇರೆ ಬೇರೆ ಕಳಿಸಿ. ಅಂಗಡಿಯಲ್ಲಿ ನಾನೇ ಆರಿಸಿ ಮೂರಕ್ಕೆ ಇಳಿಸಿದ ಮೇಲಷ್ಟೇ ಫೋನು ಹೊರಗೆ ತೆಗೆಯುತ್ತೇನೆ. ಪ್ರಶ್ನೆಯನ್ನೂ ಬದಲಾಯಿಸಿದ್ದೇನೆ. "ಹೇಗಿದೆ" ಅನ್ನುವುದಿಲ್ಲ, "ಇದರಲ್ಲಿ ಯಾವುದು ಬೇಡ?" ಅನ್ನುತ್ತೇನೆ. ಚೆನ್ನಾಗಿಲ್ಲ ಅಂತ ಹೇಳಲು ಸಂಕೋಚಪಡುವವರೂ ಬೇಡದ್ದನ್ನು ತಟ್ಟನೆ ತೋರಿಸುತ್ತಾರೆ.

ಬಣ್ಣದ ಕಥೆಯೇ ಬೇರೆ. ಅಕ್ಕನ ಮಗಳ ಮದುವೆಗೆ ತಂದ ಸೀರೆಯನ್ನು ಮೂವರೂ "ನವಿಲು ನೀಲಿ, ತಗೋ" ಅಂದಿದ್ದರು. ಛತ್ರದಲ್ಲಿ ನೋಡಿದವರು ಹಸಿರು ಅಂದರು. ಅದು ಡಬಲ್ ಶೇಡ್ ರೇಷ್ಮೆ. ಹಾಸಿನ ನೂಲು ಒಂದು ಬಣ್ಣ, ಹೊಕ್ಕಿನ ನೂಲು ಇನ್ನೊಂದು ಬಣ್ಣ. ಯಾವ ಕಡೆಯಿಂದ ನೋಡುತ್ತೀರಿ ಅನ್ನುವುದರ ಮೇಲೆ ಬಣ್ಣ ತಿರುಗುತ್ತದೆ. ಫೋಟೋದಲ್ಲಿ ಒಂದೇ ಬಣ್ಣ ಸಿಕ್ಕಿಬೀಳುತ್ತದೆ. ಇಂಥದ್ದಕ್ಕೆ ಹತ್ತು ಸೆಕೆಂಡಿನ ವಿಡಿಯೋನೇ ಬೇಕು, ಸೆರಗನ್ನು ಮೆಲ್ಲಗೆ ಅಲ್ಲಾಡಿಸುತ್ತಾ. ವಿಡಿಯೋ ಕಾಲ್ ನನಗೆ ಆಗಿಬರಲಿಲ್ಲ. ನೆಲಮಾಳಿಗೆಯ ಅಂಗಡಿಗಳಲ್ಲಿ ಸಿಗ್ನಲ್ ಇಲ್ಲದೆ ಗೆಳತಿಯ ಮುಖ ಬಾಯಿ ತೆರೆದಂತೆಯೇ ನಿಂತುಬಿಡುತ್ತದೆ.

ಇನ್ನೊಂದು ತೊಂದರೆ ಫೋನಿನದ್ದೇ. ಚೌಕಟ್ಟಿನ ತುಂಬ ಕೆಂಪು ಸೀರೆಯೇ ಇದ್ದರೆ ಬಿಳಿ ಯಾವುದು ಅಂತ ಕ್ಯಾಮೆರಾಗೆ ಗೊತ್ತಾಗುವುದಿಲ್ಲ. ತಾನೇ ಊಹೆ ಮಾಡಿ ಬಣ್ಣ ತಿದ್ದುತ್ತದೆ. ಅಂಗಡಿಯ ಹಳದಿ ದೀಪ ಬೇರೆ ಸೇರಿಕೊಳ್ಳುತ್ತದೆ. ನಾನು ಸೀರೆ ಪಕ್ಕದಲ್ಲಿ ಬಿಳಿ ಕಾಗದ ಇಟ್ಟು ತೆಗೆಯುತ್ತೇನೆ, ಬಿಲ್ಲಿನ ಹಿಂಬದಿಯಾದರೂ ಸರಿ. ಚಿತ್ರದಲ್ಲಿ ಕಾಗದ ಹಳದಿಯಾಗಿ ಕಂಡರೆ ಸೀರೆಯ ಬಣ್ಣವನ್ನೂ ನಂಬಬೇಡ ಅಂತ ಗೆಳತಿಯರಿಗೆ ಗೊತ್ತು. ಬಾಗಿಲ ಹತ್ತಿರ ಬಿಸಿಲ ಬೆಳಕಿಗೆ ತರಲು ಬಿಟ್ಟರೆ ಇನ್ನೂ ಒಳ್ಳೆಯದು. ಕೆಲವು ಅಂಗಡಿಯವರು ಡಿಸೈನ್ ಕದಿಯುತ್ತಾರೆ ಅಂತ ಫೋಟೋಗೇ ಬಿಡುವುದಿಲ್ಲ. ಮೊದಲೇ ಕೇಳಿಬಿಡಿ. ಕೇಳಿದರೆ ಬಹಳಷ್ಟು ಜನ ಒಪ್ಪುತ್ತಾರೆ, ಬಿಡದಿದ್ದರೆ ಫೋನು ಬ್ಯಾಗಿಗೆ ಅಷ್ಟೇ.

ಸೆಲ್ಫಿ ಬೇಡ. ಹತ್ತಿರದಿಂದ ತೆಗೆದರೆ ಮುಖ ದೊಡ್ಡದಾಗಿ ಅಂಚು ಕಾಣದೆ ಹೋಗುತ್ತದೆ. ಹೆಗಲ ಮೇಲೆ ಹಾಕಿಸಿಕೊಂಡು, ಅಂಗಡಿಯ ಹುಡುಗಿಗೆ ಫೋನು ಕೊಟ್ಟು, ಆರೇಳು ಅಡಿ ದೂರ ನಿಲ್ಲಿಸಿ ತೆಗೆಸುತ್ತೇನೆ. ಕುರ್ತಾ, ಚೂಡಿದಾರ್ ಆದರೆ ಟ್ರಯಲ್ ರೂಮಿನಿಂದ ಹೊರಗೆ ಬಂದೇ ಫೋಟೋ.

ನಿಜವಾಗಿ ಉಪಯೋಗಕ್ಕೆ ಬಂದದ್ದು ಅಂಗಡಿಯಲ್ಲಿ ತೆಗೆದ ಫೋಟೋ ಅಲ್ಲ, ಮನೆಯಲ್ಲಿ ತೆಗೆದದ್ದು. ಒಂದು ಭಾನುವಾರ ಬೀರು ಖಾಲಿ ಮಾಡಿ ಎಲ್ಲ ಸೀರೆ, ರವಿಕೆಗಳ ಫೋಟೋ ತೆಗೆದು ಒಂದು ಆಲ್ಬಮ್ ಮಾಡಿ ಮೂವರಿಗೂ ಕೊಟ್ಟೆ. ಮುಂದಿನ ಸಲ ಚಿಕ್ಕಪೇಟೆಯಿಂದ ಸಾಸಿವೆ ಬಣ್ಣದ್ದೊಂದು ಕಳಿಸಿದಾಗ ಧಾರವಾಡದ ಗೆಳತಿಯ ಉತ್ತರ ಎರಡು ನಿಮಿಷದಲ್ಲಿ ಬಂತು: "ಇದು ಬ್ಯಾಡ ಲೇ, ಇಂಥಾವು ಮೂರು ಅದಾವ ನಿನ್ನ ಕಡೆ." ನೋಡಿದರೆ ಹೌದು, ಮೂರಿದ್ದವು! ಇನ್ನೊಬ್ಬಳು ಹಳೆಯ ಮೆರೂನ್ ರವಿಕೆಗೆ ಹೊಂದುವ ಸೀರೆ ತೋರಿಸಿ ಹೊಲಿಗೆ ಕೂಲಿ ಉಳಿಸಿಕೊಟ್ಟಳು. ಈಗಿನ ಹೊಲಿಗೆ ಕೂಲಿ ನಿಮಗೂ ಗೊತ್ತಲ್ವಾ!

ಮನೆಗೆ ಬಂದ ಮೇಲೂ ಒಂದು ಕೆಲಸ ಇದೆ. ಫಾಲ್ ಹಾಕಿಸಿದರೆ ಸೀರೆ ವಾಪಸ್ ತಗೊಳ್ಳುವುದಿಲ್ಲ. ಹಾಗಾಗಿ ಅದಕ್ಕೆ ಮುಂಚೆ ತಾರಸಿಯ ಮೇಲೆ ಬೆಳಗಿನ ಬೆಳಕಿನಲ್ಲಿ ಹರಡಿ ಇನ್ನೊಮ್ಮೆ ಫೋಟೋ ಕಳಿಸುತ್ತೇನೆ. ಕಳಿಸುವಾಗ ಎಚ್‌ಡಿ ಆರಿಸಿಕೊಳ್ಳಬೇಕು, ಇಲ್ಲದಿದ್ದರೆ ವಾಟ್ಸ್ಆ್ಯಪ್ ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ಹೋದ ದಸರಾಕ್ಕೆ ತಂದದ್ದನ್ನು ಹೀಗೆ ಕಳಿಸಿದ್ದೆ. ನಾದಿನಿ ಚಿತ್ರ ಹಿಗ್ಗಿಸಿ ನೋಡಿ, "ಅತ್ತಿಗೆ, ಅಂಚಿನ ಹತ್ತಿರ ಜರಿ ಎದ್ದಿದೆ ನೋಡಿ" ಅಂದಳು. ಎರಡು ದಿನದಿಂದ ಕೈಯಲ್ಲೇ ಹಿಡಿದಿದ್ದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಸಂಜೆ ಬಿಲ್ ಹಿಡಿದುಕೊಂಡು ಮತ್ತೆ ಮೆಟ್ರೋ ಹತ್ತಿದೆ. ಮೊದಲು ಗೊಣಗಿದರೂ ಬದಲಾಯಿಸಿ ಕೊಟ್ಟರು.