ಹಲಸಿನ ಮೇಜಿಗೆ ಯಾವ ಪಾಲಿಶ್?

ಹಿತ್ತಲಿನ ಹಲಸಿನ ಮರ ಗಾಳಿಗೆ ಉರುಳಿದಾಗ ಕೊಯ್ಯಿಸಿ, ಹಲಗೆಗಳನ್ನು ಎರಡು ಬೇಸಿಗೆ ನೆರಳಿನಲ್ಲಿ ಒಣಗಿಸಿದ್ದೆ. ಅದರಲ್ಲಿ ನಾನೇ ಒಂದು ಪುಸ್ತಕದ ಕಪಾಟು, ಒಂದು ಊಟದ ಮೇಜು ಮಾಡಿದೆ. ಕೀಲು ಕೂಡಿಸುವಾಗ ಕೆಡದ ತಲೆ ಪಾಲಿಶ್ ಆರಿಸುವಾಗ ಕೆಟ್ಟಿತು.

ಕಪಾಟಿಗೆ ಅರಗಿನ ಪಾಲಿಶ್ ಎಂದು ಊರಿನ ಆಚಾರಿಯೇ ಹೇಳಿಕೊಟ್ಟರು. ಅರ್ಧ ಲೀಟರ್ ಸ್ಪಿರಿಟ್‌ನಲ್ಲಿ 100 ಗ್ರಾಂ ಅರಗಿನ ಚಕ್ಕೆ ನೆನೆಹಾಕಿ, ಮರುದಿನ ಸೋಸಿ, ಹಳೆಯ ಪಂಚೆಯ ತುಂಡಿನಲ್ಲಿ ಹತ್ತಿ ಸುತ್ತಿ ತಿಕ್ಕಿದೆ. ನೋಡುತ್ತಿದ್ದಂತೆ ಒಣಗಿತು; ಹಲಸಿನ ಹಳದಿ ಜೇನಿನ ಬಣ್ಣಕ್ಕೆ ತಿರುಗಿತು. ಅದು ಏಪ್ರಿಲ್.

ಮೇಜು ಮುಗಿಯುವಾಗ ಜುಲೈ, ಹೊರಗೆ ಜಡಿಮಳೆ. ಅದೇ ಪಾಲಿಶ್ ಹಚ್ಚಿದರೆ ಮಜ್ಜಿಗೆ ಚೆಲ್ಲಿದಂತೆ ಬೆಳ್ಳಗಾಯಿತು. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವನ್ನು ಹಿಡಿದುಕೊಳ್ಳುತ್ತದೆ. ಬಿಸಿಲು ಬಿದ್ದ ದಿನ ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ ಆ ಬಿಳುಪು ತೆಗೆದೆ. ವಾರ ಕಳೆಯುವುದರೊಳಗೆ ಅಮ್ಮ ಬಿಸಿ ಕಷಾಯದ ಲೋಟ ಇಟ್ಟರು, ಬಿಳಿ ಉಂಗುರ ಮೂಡಿತು. "ಇದು ಊಟದ ಮೇಜೋ, ನೋಡುವ ಮೇಜೋ?" ಎಂದು ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ.

ಮೊದಲೇ ಮಾಡಬೇಕಿದ್ದ ಕೆಲಸವನ್ನು ಆಗ ಮಾಡಿದೆ. ಉಳಿದ ಹಲಗೆಯ ಮೂರು ತುಂಡುಗಳನ್ನು 120, ಆಮೇಲೆ 220 ನಂಬರಿನ ಮರಳು ಕಾಗದದಲ್ಲಿ ಉಜ್ಜಿ, ಒಂದಕ್ಕೆ ಅರಗು, ಒಂದಕ್ಕೆ ಅಗಸೆ ಎಣ್ಣೆ, ಒಂದಕ್ಕೆ ಪಿಯು (ಪಾಲಿಯುರೆಥೇನ್) ವಾರ್ನಿಶ್ ಹಚ್ಚಿ, ಹಿಂದೆ ಪೆನ್ಸಿಲ್‌ನಲ್ಲಿ ಹೆಸರು ಬರೆದೆ. ಒಣಗಿದ ಮೇಲೆ ಬಿಸಿ ಲೋಟ, ನಿಂಬೆರಸ, ರಾತ್ರಿಯಿಡೀ ಒಂದು ಚಮಚ ಸಾರು. ಅರಗಿನ ತುಂಡು ಲೋಟಕ್ಕೇ ಸೋತಿತು. ಎಣ್ಣೆಯದು ಕೈಗೆ ಎಲ್ಲಕ್ಕಿಂತ ಹಿತವಾಗಿತ್ತು, ಆದರೆ ಅಡುಗೆಮನೆಯಲ್ಲಿಟ್ಟ ಹತ್ತೇ ದಿನಕ್ಕೆ ಬೂಷ್ಟು ಹಿಡಿಯಿತು. ಪಿಯು ಯಾವುದಕ್ಕೂ ಜಗ್ಗಲಿಲ್ಲ. ಅರಿಸಿನದ ಕಲೆಗಾಗಿ ಮಾತ್ರ ಮೂರರಲ್ಲೂ ಹುಡುಕಬೇಕಾಯಿತು: ಹಲಸೇ ಹಳದಿಯಲ್ಲವೇ!

(ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಒಳಗೊಳಗೇ ಕಾದು ತಾನೇ ಹೊತ್ತಿಕೊಳ್ಳಬಲ್ಲದು. ನಾನು ಬಿಡಿಸಿ ಹಗ್ಗದ ಮೇಲೆ ಒಣಹಾಕುತ್ತೇನೆ.)

ಮಾಮೂಲಿ ಅರಗಿನಲ್ಲಿ ಮೇಣ ಇರುವುದರಿಂದ ಅದರ ಮೇಲೆ ಪಿಯು ಸರಿಯಾಗಿ ಕಚ್ಚುವುದಿಲ್ಲ. ಮೇಜಿನ ಮೇಲ್ಹಲಗೆಯನ್ನು ಪೂರ್ತಿ ಕೆರೆದು, ಮಳೆ ನಿಂತ ಮೇಲೆ ಮೂರು ಕೋಟ್ ಹೊಡೆದೆ. ಮೊದಲನೆಯದಕ್ಕೆ ಟರ್ಪೆಂಟೈನ್ ಬೆರೆಸಿ ತೆಳುವಾಗಿ; ನಡುನಡುವೆ ಒಂದು ರಾತ್ರಿ ಬಿಟ್ಟು 320ರಲ್ಲಿ ಹಗುರವಾಗಿ ಉಜ್ಜಿ. ಹೊಳಪಿನದು ಪ್ಲಾಸ್ಟಿಕ್ಕಿನಂತೆ ಕಾಣುತ್ತದೆಂದು ಹೊಳಪಿಲ್ಲದ ಮ್ಯಾಟ್ ಬಗೆಯದನ್ನು ತಂದಿದ್ದೆ. ಕಾಲುಗಳಿಗೆ ಅರಗೇ ಇರಲಿ ಎಂದು ಬಿಟ್ಟೆ, ಅಲ್ಲಿ ಲೋಟ ಇಡುವವರಿಲ್ಲ.

ಈಚೆಗೆ ಹಲಸಿನಕಾಯಿ ಹೆಚ್ಚುವಾಗ ಕತ್ತಿ ಜಾರಿ ಮೇಜಿನ ಮೇಲೆ ಗೆರೆ ಬಿತ್ತು. ಕಪಾಟಾಗಿದ್ದರೆ ಎರಡು ಸಲ ಅರಗು ತಿಕ್ಕಿ ಅಲ್ಲಿಗಲ್ಲಿಗೇ ಮುಚ್ಚುತ್ತಿದ್ದೆ. ಪಿಯು ತೇಪೆಗೆ ಒಗ್ಗುವುದಿಲ್ಲ, ಇಡೀ ಹಲಗೆಯನ್ನೇ ಉಜ್ಜಬೇಕು. ಸದ್ಯಕ್ಕೆ ಗೆರೆಯ ಮೇಲೆ ಉಪ್ಪಿನಕಾಯಿ ಜಾಡಿ ಕುಳಿತಿದೆ.