ಕಕ್ಕಡದ ಮಳೆಯಲ್ಲಿ ಮಾಂಗಾ ಓದುವುದು ಹೇಗೆ

ಮಾಂಗಾ ಅಂದರೆ ಜಪಾನಿನ ಚಿತ್ರಕಥೆ ಪುಸ್ತಕ. ಅದನ್ನು ಕೈಗೆತ್ತಿಕೊಳ್ಳೋಕೆ ಒಳ್ಳೆಯ ಹೊತ್ತು ಅಂದರೆ ನಮ್ಮ ಕೊಡಗಿನ ಕಕ್ಕಡ ತಿಂಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ತೋಟದಲ್ಲಿ ದೊಡ್ಡ ಕೆಲಸ ಇರುವುದಿಲ್ಲ, ಎಲ್ಲೋ ಒಂದು ಸಿಲ್ವರ್ ಓಕ್ ಲೈನ್ ಮೇಲೆ ಬಿದ್ದು ಕರೆಂಟ್ ಹೋಗಿರುತ್ತದೆ, ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ಹೆಂಚಿನ ಮೇಲೆ ಮಳೆ ಒಂದೇ ಸಮ ಹೊಡೆಯುತ್ತಾ ಇರುತ್ತದೆ. ಒಂದು ಲೋಟ ಬೆಲ್ಲದ ಕಾಫಿ ಮಾಡಿಕೊಂಡು ಕಿಟಕಿ ಹತ್ತಿರ ಕೂತರೆ ಸಾಕು.

ನಾನು ಹೇಳುತ್ತಿರುವುದು ಜಪಾನಿನ ಒಂದು ಬಗೆಯ ಮಾಂಗಾ ಬಗ್ಗೆ. ಕಥೆ ನಡೆಯುವುದು ಮುಂದಿನ ಕಾಲದಲ್ಲಿ. ರೋಬೋಟ್ ಇರುತ್ತವೆ, ಮಂಗಳ ಗ್ರಹದಲ್ಲಿ ಊರುಗಳಿರುತ್ತವೆ. ಆದರೆ ಯುದ್ಧ ಇಲ್ಲ, ಲೋಕ ಉಳಿಸುವ ಹೀರೋ ಇಲ್ಲ. ಒಬ್ಬಳು ಕಾಫಿ ಅಂಗಡಿ ಬಾಗಿಲು ತೆಗೆಯುತ್ತಾಳೆ, ಇನ್ನೊಬ್ಬಳು ದೋಣಿ ನಡೆಸೋದು ಕಲಿಯುತ್ತಾಳೆ, ಒಬ್ಬ ಹುಡುಗ ಕಿಟಕಿ ಒರೆಸುತ್ತಾನೆ. ಅಷ್ಟೇ ಕಥೆ. ಇಂಥ ಕಥೆಗಳಿಗೆ ಅಲ್ಲಿ ಇಯಾಶಿಕೇ ಅನ್ನುತ್ತಾರೆ. ಇಯಾಶಿ ಅಂದರೆ ಗಾಯ ಮಾಯುವುದು, ಮನಸ್ಸಿಗೆ ಸಮಾಧಾನ ಸಿಗುವುದು. 1995ರ ಜನವರಿಯಲ್ಲಿ ಕೋಬೆ ಭೂಕಂಪ, ಮಾರ್ಚ್‌ನಲ್ಲಿ ಟೋಕಿಯೊ ಸುರಂಗ ರೈಲಿನ ವಿಷಾನಿಲ ದಾಳಿ, ಇವೆರಡರ ನಂತರ ಈ ಇಯಾಶಿ ಅನ್ನೋ ಮಾತು ಜಪಾನಿನಲ್ಲಿ ಎಲ್ಲರ ಬಾಯಿಗೆ ಬಂತು. ಹಾಗಾಗಿ ಇದು ಕಷ್ಟ ಗೊತ್ತಿಲ್ಲದವರು ಬರೆದ ಸಿಹಿ ಕಥೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ಎಲ್ಲಿಂದ ಶುರು ಮಾಡೋದು ಅಂತ ಕೇಳಿದರೆ ನನ್ನದು ಒಂದೇ ಉತ್ತರ, ಹಿತೋಶಿ ಆಶಿನಾನೋ ಅವರ 'ಯೊಕೊಹಾಮಾ ಕೈದಾಶಿ ಕಿಕೋ'. 1994ರಿಂದ 2006ರವರೆಗೆ ಬಂದ ಮಾಂಗಾ, ಒಟ್ಟು 14 ಸಂಪುಟ. ಇಂಗ್ಲಿಷ್‌ನಲ್ಲಿ ಅಧಿಕೃತವಾಗಿ ಪ್ರಕಟವಾಗೋಕೆ ಶುರುವಾಗಿದ್ದು 2022ರಲ್ಲಿ. ಇಂಗ್ಲಿಷ್ ಅಂತ ಹೆದರಬೇಡಿ, ಮಾತು ತುಂಬ ಕಮ್ಮಿ, ಇರುವುದೂ ಸುಲಭ. ಹೆಸರಿನ ಅರ್ಥ ಯೊಕೊಹಾಮಾಗೆ ಸಾಮಾನು ತರಲು ಹೋಗಿಬಂದ ಕಥೆ ಅಂತ. ಆಲ್ಫಾ ಅನ್ನುವ ರೋಬೋಟ್ ಹುಡುಗಿ ಸಮುದ್ರದ ಪಕ್ಕದ ಗುಡ್ಡದಲ್ಲಿ ಕಾಫಿ ಅಂಗಡಿ ನಡೆಸುತ್ತಾಳೆ. ಯಜಮಾನರು ಎಲ್ಲೋ ಪ್ರಯಾಣ ಹೋಗಿದ್ದಾರೆ. ಗಿರಾಕಿಗಳು ಅಪರೂಪ. ಮೊದಲ ಅಧ್ಯಾಯದಲ್ಲಿ ಅವಳು ಸ್ಕೂಟರ್ ಹತ್ತಿ ಯೊಕೊಹಾಮಾಗೆ ಹೋಗುವುದೇ ಕಾಫಿ ಬೀಜ ತರೋಕೆ. ಕಾಫಿ ಬೆಳೆಯುವ ಊರಿನವರಾದ ನಮಗೆ ಇಷ್ಟು ಸಾಕಲ್ವಾ? ಒಂದು ಚೀಲ ಬೀಜಕ್ಕೆ ಅಷ್ಟು ದೂರ ಹೋಗಿ ಅಷ್ಟು ಜೋಪಾನವಾಗಿ ತರುವವಳನ್ನು ನೋಡಿದಾಗ, ಡಿಸೆಂಬರ್‌ನಲ್ಲಿ ನಾವು ಕೊಯ್ದು ಕಣದಲ್ಲಿ ಹರವುವ ಹಣ್ಣು ಕೊನೆಗೆ ಯಾರ ಕೈ ಸೇರುತ್ತದೋ ಅಂತ ನನಗೆ ಯೋಚನೆ ಬಂದಿತ್ತು.

ಈಗ ಓದುವ ರೀತಿ. ಪುಸ್ತಕ ಬಲದಿಂದ ಎಡಕ್ಕೆ. ನಮ್ಮ ಲೆಕ್ಕದಲ್ಲಿ ಕೊನೆಯ ಪುಟ ಯಾವುದೋ ಅಲ್ಲಿಂದ ಶುರು ಮಾಡಿ, ಪ್ರತಿ ಪುಟದಲ್ಲಿ ಬಲಗಡೆ ಮೇಲಿನ ಚೌಕದಿಂದ ಎಡಕ್ಕೆ ಬನ್ನಿ. ಹತ್ತು ಪುಟ ದಾಟುವಷ್ಟರಲ್ಲಿ ಅಭ್ಯಾಸ ಆಗುತ್ತದೆ. ಆಮೇಲೆ, ಒಂದು ರಾತ್ರಿಗೆ ಒಂದೇ ಅಧ್ಯಾಯ, ಹೆಚ್ಚೆಂದರೆ ಎರಡು. ಇದು ನನ್ನ ಕಟ್ಟುನಿಟ್ಟಿನ ಮಾತು. ಬೇರೆ ಮಾಂಗಾ ಓದಿ ರೂಢಿ ಇದ್ದವರು ಒಂದೇ ಉಸಿರಿಗೆ ಒಂದು ಸಂಪುಟ ಮುಗಿಸಿ 'ಬೋರು' ಅಂತ ಬದಿಗಿಡುತ್ತಾರೆ, ತಪ್ಪು ಪುಸ್ತಕದ್ದಲ್ಲ.

ನನ್ನ ಅಕ್ಕನ ಮಗ ಹಾಗೇ ಮಾಡಿದ. ಹದಿಮೂರು ವರ್ಷ, ಕುಶಾಲನಗರದಲ್ಲಿ ಓದುತ್ತಾನೆ, ರಜೆಗೆ ಬಂದಿದ್ದ. ಓದಿ ಮುಗಿಸಿ ಪುಸ್ತಕ ತಂದು ನನ್ನ ಮುಂದೆ ಇಟ್ಟ.

"ಚಿಕ್ಕಮ್ಮ, ಏನೂ ಆಗ್ಲೇ ಇಲ್ವಲ್ಲ ಇದ್ರಲ್ಲಿ?"

"ಎಷ್ಟು ಹೊತ್ತು ಓದಿದೆ?"

"ಹತ್ತು ನಿಮಿಷ."

"ಇನ್ನೊಂದ್ಸಲ ಓದು. ಈ ಸಲ ಮಾತು ಓದ್ಬೇಡ, ಚಿತ್ರ ಮಾತ್ರ ನೋಡು."

ಅರ್ಧ ಗಂಟೆ ಸದ್ದಿಲ್ಲ. ಆಮೇಲೆ ಒಳಗಿಂದ ಕೂಗಿದ, "ಚಿಕ್ಕಮ್ಮ, ಇವಳು ಹೋಗೋ ರಸ್ತೆ ಅರ್ಧಕ್ಕೇ ಸಮುದ್ರದೊಳಗೆ ಹೋಗ್ತದೆ! ಅಲ್ಲಿ ಊರಿತ್ತಾ?"

ಇತ್ತು. ಅದೇ ವಿಷಯ. ಈ ಎರಡನೇ ಓದನ್ನು ಯಾರೂ ಬಿಡಬೇಡಿ. ಮಾತಿಲ್ಲದ ಚೌಕಗಳಲ್ಲೇ ಕಥೆಯ ಅರ್ಧ ಇದೆ. ಸಮುದ್ರ ಏರಿ ಕರಾವಳಿ ಮುಳುಗಿದೆ, ಫ್ಯೂಜಿ ಪರ್ವತದ ಆಕಾರ ಬದಲಾಗಿದೆ, ಜನ ಕಮ್ಮಿಯಾಗಿದ್ದಾರೆ. ಯಾಕೆ ಹೀಗಾಯಿತು ಅಂತ ಆಶಿನಾನೋ ಕೊನೆವರೆಗೂ ಬಿಡಿಸಿ ಹೇಳುವುದಿಲ್ಲ. ಒಂದು ಕಡೆ ಕಥೆಯ ಪಾತ್ರಗಳು ಗುಡ್ಡದ ಮೇಲೆ ನಿಂತು ಕೆಳಗೆ ನೋಡುತ್ತವೆ. ಕತ್ತಲಾಗುತ್ತಿದೆ. ಮುಳುಗಿದ ಊರಿನ ಬೀದಿದೀಪಗಳು ನೀರಿನೊಳಗೇ ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಆ ಪುಟ ನೋಡುವಾಗ ನನಗೆ ಕನ್ನಂಬಾಡಿಯ ವೇಣುಗೋಪಾಲ ದೇವಸ್ಥಾನದ ನೆನಪಾಯಿತು. ನಮ್ಮ ತಲಕಾವೇರಿಯಿಂದ ಹೋದ ನೀರೇ ಅಣೆಕಟ್ಟಿನಲ್ಲಿ ನಿಂತು ಅದನ್ನು ಮುಳುಗಿಸಿತ್ತು, ಬರದ ವರ್ಷ ನೀರಿಳಿದಾಗ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಈಗ ಅದನ್ನು ಬೇರೆ ಕಡೆ ಕಟ್ಟಿ ನಿಲ್ಲಿಸಿದ್ದಾರೆ.

ಕೊಡಗಿನವರು ಇದನ್ನು ಓದಬೇಕು ಅಂತ ನಾನು ಹಟ ಮಾಡೋದು ಯಾಕೆ ಅಂತ ಹೇಳಿಬಿಡುತ್ತೇನೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ಗುಡ್ಡಗಳು ಜರಿದಾಗ ನಮ್ಮ ಮನೆ ಉಳಿಯಿತು. ಮನೆ ಹಿಂದಿನ ಬರೆ ಕುಸಿದು ಕಾಫಿ ತೋಟದ ಒಂದು ಪಟ್ಟಿ, ಗಿಡ, ಮೆಣಸಿನ ಬಳ್ಳಿ, ಮರ ಸಮೇತ ಕೆಳಗಿನ ತೋಡಿಗೆ ಹೋಯಿತು. ಹತ್ತು ದಿನ ಸುಂಟಿಕೊಪ್ಪದಲ್ಲಿ ಅತ್ತೆ ಮನೆಯಲ್ಲಿದ್ದೆವು. ತಿರುಗಿ ಬಂದಾಗ ಅಂಗಳದಲ್ಲಿ ಮೊಣಕಾಲುದ್ದ ಕೆಂಪು ಮಣ್ಣು. ಅಮ್ಮ ಸೀರೆ ಎತ್ತಿಕಟ್ಟಿ ಅದನ್ನು ದಾಟಿ ಒಳಗೆ ಹೋದರು, ಒದ್ದೆ ಸೌದೆಗೆ ಸೀಮೆಎಣ್ಣೆ ಸುರಿದು ಒಲೆ ಹಚ್ಚಿದರು, ಕಾಫಿಗೆ ನೀರಿಟ್ಟರು. ಹಾರೆ ಹುಡುಕಿದ್ದು ಆಮೇಲೆ. ಎಲ್ಲರೂ ನಿಂತುಕೊಂಡೇ ಕುಡಿದೆವು, ಯಾರೂ ಮಾತಾಡಲಿಲ್ಲ.

ಆಲ್ಫಾಳ ಅಂಗಡಿಯೂ ಒಂದು ಚಂಡಮಾರುತಕ್ಕೆ ಮುರಿದುಬೀಳುತ್ತದೆ. ಅವಳು ಅಳುವ ದೃಶ್ಯವನ್ನೇ ಎಳೆದು ಪುಟ ತುಂಬಿಸುವುದಿಲ್ಲ. ಊರು ಬಿಟ್ಟು ಬಹಳ ದಿನ ಸುತ್ತಾಡಿ ಬರುತ್ತಾಳೆ, ಮತ್ತೆ ನಿಧಾನವಾಗಿ ಕಟ್ಟಿಕೊಳ್ಳುತ್ತಾಳೆ. ಅದನ್ನು ಓದಿದ ರಾತ್ರಿ ನಾನು ಬಹಳ ಹೊತ್ತು ಮಲಗಲಿಲ್ಲ. ಈ ಕಥೆಗಳಲ್ಲಿ ಇರುವ ನೆಮ್ಮದಿ ಏನೂ ಆಗದವರ ನೆಮ್ಮದಿಯಲ್ಲ. ಆಗಬಾರದ್ದು ಆಗಿಹೋದ ಮೇಲೆ ಒಲೆ ಹಚ್ಚಿದವರದ್ದು. ಕಥೆ ನಡೆಯುವ ಆ ಕಾಲಕ್ಕೆ ಪುಸ್ತಕದಲ್ಲಿ 'ಯೂನಾಗಿ' ಅನ್ನುವ ಹೆಸರಿದೆ. ಸಂಜೆ ಸಮುದ್ರದ ಗಾಳಿ ನಿಂತು, ನೆಲದ ಗಾಳಿ ಇನ್ನೂ ಶುರುವಾಗದ ಹೊತ್ತು ಅದು.

ಓದುವಾಗ ಇನ್ನೊಂದನ್ನು ಗಮನಿಸಿ. ಆಲ್ಫಾ ರೋಬೋಟ್, ಅವಳಿಗೆ ವಯಸ್ಸಾಗುವುದಿಲ್ಲ. ಪಕ್ಕದ ಪೆಟ್ರೋಲ್ ಬಂಕ್ ಅಜ್ಜನ ಜೊತೆ ಇರುವ ತಕಾಹಿರೋ ಅನ್ನುವ ಹುಡುಗನಿಗೆ ಆಗುತ್ತದೆ. ಅವನ ಎತ್ತರ ನೋಡುತ್ತಾ ಹೋಗಿ. ಎಷ್ಟು ವರ್ಷ ಕಳೆಯಿತು ಅಂತ ಆಶಿನಾನೋ ಲೆಕ್ಕ ಕೊಡುತ್ತಾ ಕೂರುವುದಿಲ್ಲ, ಹುಡುಗನ ಭುಜ ಎಲ್ಲಿಗೆ ಬಂತು ಅನ್ನೋದರಲ್ಲೇ ನಿಮಗೆ ಗೊತ್ತಾಗಬೇಕು. ಇದಕ್ಕೇ ನಾನು ನಿಧಾನ ನಿಧಾನ ಅಂತ ಬಡಿದುಕೊಳ್ಳೋದು.

ಮಧ್ಯೆ ಒಂದು ಮಾತು. ನಮ್ಮ ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯುವುದು ವಾರದ ಕೆಲಸ. ಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ನಾನು ಅಡುಗೆಮನೆಯಲ್ಲಿ ಒಲೆಗೆ ಹತ್ತಿರದ ಹಲಗೆ ಮೇಲೆ, ಮುಚ್ಚಳ ಇರುವ ತಗಡಿನ ಡಬ್ಬಿಯಲ್ಲಿ ಇಡುತ್ತೇನೆ. ಬಿಸಿಲು ಬಂದ ದಿನ ತೆಗೆದು ಹಾಳೆ ಬಿಡಿಸಿ ಇಡಿ, ನೇರ ಬಿಸಿಲಿಗೆ ಬೇಡ.

ಎರಡನೆಯದಾಗಿ ಹಿಡಿಯಬೇಕಾದದ್ದು ಕೊಜುಯೆ ಅಮಾನೋ ಅವರ 'ಆಕ್ವಾ' ಮತ್ತು ಅದರ ಮುಂದುವರಿಕೆ 'ಆರಿಯಾ'. ಮೊದಲು ಆಕ್ವಾದ 2 ಸಂಪುಟ, ಆಮೇಲೆ ಆರಿಯಾದ 12. ಮಂಗಳ ಗ್ರಹದ ಹಿಮ ಕರಗಿ ಗ್ರಹವೇ ನೀರಾಗಿದೆ, ಇಟಲಿಯ ವೆನಿಸ್ ಥರ ಅಲ್ಲಿ ನಿಯೊ ವೆನೆಜಿಯಾ ಅನ್ನುವ ಊರು. ಅಕಾರಿ ಅನ್ನುವ ಹುಡುಗಿ ಭೂಮಿಯಿಂದ ಹೋಗಿ ಪ್ರವಾಸಿಗಳನ್ನು ಕೂರಿಸಿಕೊಂಡು ದೋಣಿ ನಡೆಸೋದು ಕಲಿಯುತ್ತಾಳೆ. ಇಲ್ಲಿ ಕೈಗವಸು ನೋಡಿ. ಹೊಸದಾಗಿ ಕಲಿಯುವವರಿಗೆ ಎರಡೂ ಕೈಗೆ, ಸ್ವಲ್ಪ ಪಳಗಿದವರಿಗೆ ಒಂದು ಕೈಗೆ, ಪೂರ್ತಿ ಪಳಗಿದವರಿಗೆ ಬರಿಗೈ. ಹುಟ್ಟು ಹಾಕುವ ಕೈಗೆ ಬೊಬ್ಬೆ ಬರುವುದು ನಿಲ್ಲುವವರೆಗೆ ಗವಸು ಬೇಕಲ್ಲ, ಅಷ್ಟು ಸರಳ. ಕಾಫಿ ಕೊಯ್ಯುವ ಹೊಸ ಕೈ, ಹಳೆ ಕೈ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಂಗಳ ಸೂರ್ಯನನ್ನು ಒಂದು ಸುತ್ತು ಬರಲು 687 ದಿನ ಬೇಕು. ಹಾಗಾಗಿ ಆ ಊರಲ್ಲಿ ವರ್ಷಕ್ಕೆ 24 ತಿಂಗಳು, ಒಂದೊಂದು ಕಾಲ ಆರಾರು ತಿಂಗಳು. ಆರು ತಿಂಗಳ ಮಳೆ ನಮಗೇನು ಹೊಸದಲ್ಲ! ಅಲ್ಲಿ ಪ್ರತಿ ವರ್ಷ ಒಂದು ಹೊತ್ತಿಗೆ ನೀರು ಏರಿ ಊರಿನ ಬೀದಿಗಳೆಲ್ಲ ಮುಳುಗುತ್ತವೆ, ಜನ ಮನೆಯಲ್ಲೇ ಇದ್ದುಬಿಡುತ್ತಾರೆ. ಅಕಾರಿ ದಾರಿಯಲ್ಲಿ ಸಿಕ್ಕಿಕೊಂಡು ಗೆಳತಿಯ ಜಾಗದಲ್ಲಿ ಉಳಿದುಕೊಳ್ಳುವ ಅಧ್ಯಾಯ ಇದೆ. ಅದನ್ನು, ಭಾಗಮಂಡಲದಲ್ಲಿ ಸಂಗಮ ತುಂಬಿ ರಸ್ತೆ ಮೇಲೆ ನೀರು ಹರಿಯುವ ದಿನ ಓದಿ. ನೀರಿಳಿಯುವವರೆಗೆ ನೆಂಟರ ಮನೆಯಲ್ಲಿ ಕೂತು, ಬಿಸಿ ಕಡುಬು ತಿಂದು, ಇನ್ನೇನು ಮಾಡೋಕೂ ಆಗದೆ ಸುಮ್ನೆ ಮಾತಾಡಿದ ಮಧ್ಯಾಹ್ನಗಳು ನಿಮ್ಮಲ್ಲೂ ಇರುತ್ತವೆ. ಪುಸ್ತಕ ಸಿಗದವರು ಜುನಿಚಿ ಸಾತೋ ನಿರ್ದೇಶನದ ಅನಿಮೆ, ಅಂದರೆ ಕಾರ್ಟೂನ್ ಸರಣಿ, ನೋಡಬಹುದು, 2005ರದ್ದು, ಅದೂ ಇಷ್ಟೇ ನಿಧಾನ.

ಮೂರನೆಯದು ಹಿಸಾಯೆ ಇವಾಓಕಾ ಅವರ 'ದೋಸೇ ಮ್ಯಾನ್ಶನ್', ಇಂಗ್ಲಿಷ್‌ನಲ್ಲಿ 'ಸ್ಯಾಟರ್ನ್ ಅಪಾರ್ಟ್‌ಮೆಂಟ್ಸ್'. ಭೂಮಿಯ ಮೇಲೆ ಯಾರೂ ವಾಸ ಮಾಡುವಂತಿಲ್ಲ, ಜನ 35 ಕಿಲೋಮೀಟರ್ ಎತ್ತರದಲ್ಲಿ ಒಂದು ದೊಡ್ಡ ಬಳೆಯಂಥ ಕಟ್ಟಡದಲ್ಲಿದ್ದಾರೆ. ಮಿತ್ಸು ಶಾಲೆ ಮುಗಿಸಿ, ಅಪ್ಪ ಮಾಡುತ್ತಿದ್ದ ಕೆಲಸಕ್ಕೇ ಸೇರುತ್ತಾನೆ, ಹೊರಗಡೆಯಿಂದ ಕಿಟಕಿ ಒರೆಸೋ ಕೆಲಸ. ಅಪ್ಪ ಹೋಗಿದ್ದೂ ಆ ಕೆಲಸದಲ್ಲೇ. ಮೇಲಿನ ಅಂತಸ್ತಿನವರಿಗೆ ಬೆಳಕು ಜಾಸ್ತಿ, ಕೆಳಗಿನವರಿಗೆ ಇಲ್ಲ. ಇದು ಮೊದಲ ಎರಡಕ್ಕಿಂತ ಸ್ವಲ್ಪ ಭಾರ, ಹಾಗಾಗಿ ಆಮೇಲೆ ಓದಿ. ತ್ಸುಕುಮಿಜು ಅವರ 'ಗರ್ಲ್ಸ್ ಲಾಸ್ಟ್ ಟೂರ್' ಕೂಡ ಇದೇ ಸಾಲಿಗೆ ಸೇರಿಸುತ್ತಾರೆ. ಅದ್ಭುತ ಪುಸ್ತಕ, ಆದರೆ ಕೊನೆ ತುಂಬ ಕತ್ತಲು. ಮನಸ್ಸು ಸರಿಯಿಲ್ಲದ ವಾರ ಅದನ್ನು ಮುಟ್ಟಬೇಡಿ, ಪ್ಲೀಸ್.

ಇಷ್ಟು ಓದಿದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಊರಿನ ನೂರು ವರ್ಷದ ಮುಂದಿನ ಒಂದು ದಿನವನ್ನು ಒಂದೇ ಪುಟದಲ್ಲಿ ಬರೆಯಿರಿ ಅಥವಾ ಬಿಡಿಸಿ. ಚಿತ್ರ ಬರದಿದ್ದರೂ ಪರವಾಗಿಲ್ಲ, ಕಡ್ಡಿ ಮನುಷ್ಯರು ಸಾಕು. ಊರಿಗೆ ಏನಾಯಿತು ಅಂತ ವಿವರಿಸಬೇಡಿ. ಈಗ ಇರುವ ಒಂದು ವಸ್ತು ಆಗಲೂ ಇರಲಿ, ಒಂದು ಇಲ್ಲದಿರಲಿ. ಆ ಕಾಲಕ್ಕೇ ಆಗಬೇಕಾದ ಒಂದು ಕೆಲಸ ಇರಲಿ: ಕಾಫಿ ಹೂ ಅರಳಿಸುವ ಹೂಮಳೆ ಬಿತ್ತಾ ಅಂತ ಮಾರ್ಚ್‌ನಲ್ಲಿ ಆಕಾಶ ನೋಡುವುದು, ಕಕ್ಕಡ ಹದಿನೆಂಟಕ್ಕೆ ಮದ್ದು ಸೊಪ್ಪು ಕೊಯ್ದು ತಂದು ಪಾಯಸ ಮಾಡುವುದು, ಕಣಿಲೆ (ಎಳೆ ಬಿದಿರು) ಹೆಚ್ಚಿ ನೀರಲ್ಲಿ ನೆನೆಹಾಕುವುದು. ಜನ ಹೋಗಲಿ ಬರಲಿ, ಈ ಕೆಲಸ ಯಾರೋ ಮಾಡುತ್ತಲೇ ಇರುತ್ತಾರೆ ಅಂತ ಬಿಡಿಸಿ ನೋಡಿ, ಎದೆ ಒಳಗೆ ಏನೋ ಹಗುರಾಗುತ್ತದೆ. ನನಗೆ ಆಗಿದೆ.

ಅಕ್ಕನ ಮಗ ಬಿಡಿಸಿದ್ದು ನನ್ನ ಹತ್ತಿರ ಇದೆ. ಮಡಿಕೇರಿ ಕೋಟೆಯ ಗೋಡೆಗೆಲ್ಲ ಪಾಚಿ, ಪಕ್ಕದಲ್ಲಿ ರಸ್ತೆ ಇಲ್ಲ, ಕಾಡು. ಕೆಳಗೆ ಒಂದು ಕಣ. ಉದ್ದ ತೋಳಿನ ರೋಬೋಟ್ ಅಜ್ಜಿ ಕಾಲಲ್ಲಿ ಕಾಫಿ ಹಣ್ಣನ್ನು ಸಾಲು ಸಾಲಾಗಿ ಎಳೆಯುತ್ತಿದ್ದಾಳೆ, ನಮ್ಮಲ್ಲಿ ಎಳೆದ ಹಾಗೇ. ಮೂರನೇ ಚೌಕದಲ್ಲಿ ಅವಳು ತಲೆ ಎತ್ತುತ್ತಾಳೆ, ಗುಡ್ಡದ ಹಿಂದೆ ಮೋಡ. ನಾಲ್ಕರಲ್ಲಿ ನೀಲಿ ಟಾರ್ಪಾಲ್ ಹಿಡಿದು ಓಡುತ್ತಾಳೆ. ಐದರಲ್ಲಿ ಟಾರ್ಪಾಲ್ ಮೇಲೆ ಮಳೆ, ಅದರ ಒಂದು ಮೂಲೆ ಎತ್ತಿಕೊಂಡು ಒಳಗೆ ಒಂದು ನಾಯಿ ಕೂತಿದೆ. ಆರನೇ ಚೌಕ ಖಾಲಿ ಬಿಟ್ಟಿದ್ದಾನೆ. ಏನು ಹಾಕೋದು ಅಂತ ಕೇಳಿದರೆ, "ಮಳೆ ನಿಲ್ಲಲಿ ಚಿಕ್ಕಮ್ಮ, ಆಮೇಲೆ ನೋಡುವಾ" ಅಂದ.