ಕಾಡಂಚಿನ ಮನೆಯಲ್ಲಿ ನಾಯಿ ಸಾಕುವವರಿಗೆ

ಶಿರಸಿ ಕಡೆ ನಮ್ಮಂಥವರ ಮನೆ ಅಂದರೆ ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ಬೆಟ್ಟದ ಬೆನ್ನಿಗೇ ಕಾಡು. ಇಂಥ ಜಾಗದಲ್ಲಿ ಮರಿ ತಂದು ಸಾಕಲು ಹೊರಟವರು ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ಹಗಲು ನಾಯಿ ಮನೆ ಕಾಯಲಿ, ಕತ್ತಲಾದ ಮೇಲೆ ನಾಯಿಯನ್ನು ಕಾಯುವುದು ನಿಮ್ಮ ಕೆಲಸ.

ನಮ್ಮಲ್ಲಿ ಮೊದಲು ಬೊಗ್ಗ ಅಂತ ಒಂದು ನಾಯಿ ಇತ್ತು. "ಕತ್ತಲಾತು, ನಾಯಿನ ಹೊರಗೆ ಬಿಡಡ ತಮಾ" ಅಂತ ಆಯಿ ದಿನಾ ಹೇಳುತ್ತಿದ್ದಳು. ನಾನು ಅದನ್ನು ಅಂಗಳದ ಕಂಬಕ್ಕೆ ಸರಪಳಿ ಹಾಕಿ ಕಟ್ಟುತ್ತಿದ್ದೆ, ಹಂದಿ ಬಂದರೆ ಬೊಗಳಲಿ ಅಂತ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಸರಪಳಿ ಇತ್ತು, ಪಟ್ಟಿ ಹರಿದಿತ್ತು, ನಾಯಿ ಇರಲಿಲ್ಲ. ಹಸಿ ಮಣ್ಣಲ್ಲಿ ದುಂಡನೆಯ ಹೆಜ್ಜೆ. ನಾಯಿಯ ಹೆಜ್ಜೆಯಾದರೆ ಮುಂದೆ ಉಗುರಿನ ಗುರುತು ಮೂಡಿರುತ್ತದೆ, ಚಿರತೆ ಉಗುರು ಒಳಗೆಳೆದುಕೊಂಡು ನಡೆಯುವುದರಿಂದ ಅದು ಕಾಣುವುದಿಲ್ಲ. ಆ ಹೆಜ್ಜೆ ನೋಡಿದ ದಿನದಿಂದ ನಾನು ರಾತ್ರಿ ಯಾವ ನಾಯಿಯನ್ನೂ ಹೊರಗೆ ಕಟ್ಟಿಲ್ಲ.

ಚಿರತೆಗೆ ನಾಯಿ ಅಂದರೆ ಸುಲಭದ ಊಟ. ಮಹಾರಾಷ್ಟ್ರದ ಅಕೋಲೆ ಕಡೆ, ಹೊಲ ಗದ್ದೆಯ ನಡುವೆ ಬದುಕುವ ಚಿರತೆಗಳ ಹಿಕ್ಕೆ ಪರೀಕ್ಷೆ ಮಾಡಿದವರಿಗೆ ಅವು ತಿಂದ ಆಹಾರದ ತೂಕದಲ್ಲಿ ಶೇ. 39ರಷ್ಟು ಸಾಕುನಾಯಿ, ಬೀದಿನಾಯಿಯೇ ಅಂತ ಗೊತ್ತಾಯಿತು. ಕಟ್ಟಿಹಾಕಿದ ನಾಯಿಗೆ ಓಡುವ ದಾರಿಯೂ ಇರುವುದಿಲ್ಲ. ಬಿಟ್ಟ ನಾಯಿಗಿಂತ ಸರಪಳಿಯ ನಾಯಿಗೇ ಅಪಾಯ ಜಾಸ್ತಿ. ಮತ್ತೆ, ಒಮ್ಮೆ ನಾಯಿ ಸಿಕ್ಕ ಅಂಗಳಕ್ಕೆ ಚಿರತೆ ಮತ್ತೆ ಬರುತ್ತದೆ. ಆಮೇಲೆ ಊರಲ್ಲಿ ಭಯ, ಬೋನು ಇಡಿ ಅಂತ ಗಲಾಟೆ, ಕೊನೆಗೆ ಆ ಪ್ರಾಣಿಗೂ ನೆಲೆ ಇಲ್ಲ. ನಾಯಿಯನ್ನು ಒಳಗೆ ಹಾಕಿದರೆ ಇದಿಷ್ಟೂ ತಪ್ಪುತ್ತದೆ ಅಲ್ವಾ?

ಸಂಜೆ ದೀಪ ಹಚ್ಚುವ ಹೊತ್ತಿಗೆ ನಾಯಿ ಒಳಗಿರಬೇಕು. ಬಾಗಿಲು ಇರುವ ಜಗುಲಿಯಾದರೆ ಬಹಳ ಒಳ್ಳೆಯದು, ಇಲ್ಲವಾದರೆ ಬಾಗಿಲು ಭದ್ರವಾಗಿ ಹಾಕುವ ಕೊಟ್ಟಿಗೆ. ಹೊರಗೆ ಗೂಡೇ ಬೇಕು ಅನ್ನುವವರು ನಾಲ್ಕು ಬದಿ ಮಾತ್ರ ಅಲ್ಲ, ಮೇಲ್ಭಾಗವನ್ನೂ ಮುಚ್ಚಿ. ಕೋಳಿ ಬಲೆ ಸಾಲುವುದಿಲ್ಲ, ದಪ್ಪ ತಂತಿಯ ವೆಲ್ಡ್ ಮೆಶ್ ಬೇಕು, ಕೆಳಗೆ ಸಿಮೆಂಟ್ ನೆಲ ಬೇಕು. ಮೆಶ್‌ನಿಂದ ಸ್ವಲ್ಪ ದೂರದಲ್ಲಿ ಒಳಗೆ ಒಂದು ಹಲಗೆಯ ಪೆಟ್ಟಿಗೆ ಇಡಿ, ಹೊರಗಿನಿಂದ ಪಂಜ ಚಾಚಿದರೂ ನಾಯಿಗೆ ತಾಗಬಾರದು. ಉಳಿದ ಅನ್ನ, ಕೋಳಿ ಮೀನಿನ ಕಸ ಮನೆ ಹಿಂದೆ ಚೆಲ್ಲಬೇಡಿ. ಅದರ ವಾಸನೆಗೆ ಹಂದಿ ಬರುತ್ತದೆ, ಬೀದಿನಾಯಿ ಬರುತ್ತದೆ, ಬೀದಿನಾಯಿಯ ಹಿಂದೆ ಚಿರತೆ ಬರುತ್ತದೆ.

ನಡುರಾತ್ರಿ ನಾಯಿ ಬೊಗಳಿದರೆ ತಕ್ಷಣ ಬಾಗಿಲು ತೆಗೆಯಬೇಡಿ. ಮೊದಲು ಹೊರಗಿನ ದೀಪ ಹಾಕಿ, ಕಿಟಕಿಯಿಂದ ನೋಡಿ, ಗಟ್ಟಿಯಾಗಿ ಮಾತಾಡಿ. ನಮ್ಮ ಈಗಿನ ನಾಯಿ ಕೆಂಚ ಹಂದಿಗೆ ಬೊಗಳುವ ರೀತಿಯೇ ಬೇರೆ, ಬಿಡದೆ, ಸಿಟ್ಟಿನಿಂದ. ಚಿರತೆ ಹತ್ತಿರ ಇದ್ದರೆ ಎರಡು ಸಲ ಬೊಗಳಿ ಸುಮ್ಮನಾಗಿ ಮೂಲೆ ಸೇರುತ್ತದೆ, ಬಾಲ ಹೊಟ್ಟೆ ಕೆಳಗೆ. ನಿಮ್ಮ ನಾಯಿಯ ದನಿಯನ್ನು ಒಂದು ವರ್ಷ ಗಮನವಿಟ್ಟು ಕೇಳಿ, ನಿಮಗೂ ಗೊತ್ತಾಗುತ್ತದೆ.

ಇನ್ನು ಕಲಿಸುವ ವಿಚಾರ. ಕೈ ಕೊಡುವುದು, ಕೂರುವುದು ಎಲ್ಲ ಆಮೇಲೆ. ಕರೆದ ತಕ್ಷಣ ವಾಪಸು ಬರುವುದನ್ನು ಮೊದಲು ಕಲಿಸಿ. ನಾಯಿಯ ಜೀವ ಉಳಿಸುವುದು ಇದೇ. ಒಂದೇ ಶಬ್ದ ಇಟ್ಟುಕೊಳ್ಳಿ, ಮನೆಯವರೆಲ್ಲ ಅದನ್ನೇ ಬಳಸಲಿ. ನಮ್ಮಲ್ಲಿ "ಬಾ" ಅಷ್ಟೇ. ಮರಿ ಇರುವಾಗ ಅಂಗಳದಲ್ಲಿ ನಾಲ್ಕು ಹೆಜ್ಜೆ ದೂರದಿಂದ ಕರೆಯಿರಿ, ಬಂದ ಕೂಡಲೇ ಒಂದು ಚೂರು ದೋಸೆ ಕೊಡಿ. ದಿನಕ್ಕೆ ಹತ್ತು ಸಲ, ಬೇರೆ ಬೇರೆ ಹೊತ್ತಲ್ಲಿ. ಆಮೇಲೆ ಹತ್ತು ಮೀಟರ್ ಉದ್ದದ ಹಗ್ಗ ಕಟ್ಟಿ ತೋಟಕ್ಕೆ ಕರೆದುಕೊಂಡು ಹೋಗಿ, ಅಲ್ಲಿ ಅಳಿಲು, ಹಕ್ಕಿ ಎಲ್ಲ ಇರುವಾಗ ಕರೆಯಿರಿ. ಬರದಿದ್ದರೆ ಬೈಯಬೇಡಿ, ಹಗ್ಗ ಮೆಲ್ಲಗೆ ಎಳೆದು ಹತ್ತಿರ ತಂದು ಆಗಲೂ ತಿಂಡಿ ಕೊಡಿ. ತುಂಬಾ ಜನ ತಪ್ಪುವುದು ಇಲ್ಲೇ: ಅರ್ಧ ಗಂಟೆ ಕರೆದು ಕರೆದು ಸುಸ್ತಾಗಿ, ಕೊನೆಗೆ ನಾಯಿ ಬಂದಾಗ ಸಿಟ್ಟಿನಿಂದ ಎರಡು ಬಿಗಿಯುತ್ತಾರೆ. ನಾಯಿಗೆ ಅರ್ಥವಾಗುವುದು ಇಷ್ಟೇ, ಬಂದರೆ ಪೆಟ್ಟು ಬೀಳುತ್ತದೆ ಅಂತ. ಮುಂದಿನ ಸಲ ಅದು ಯಾಕೆ ಬರಬೇಕು? ಕೆಂಚನಿಗೆ ಇದು ಗಟ್ಟಿಯಾಗಲು ಸುಮಾರು ಎಂಟು ತಿಂಗಳು ಬೇಕಾಯಿತು. ಈಗಲೂ ನನ್ನ ಅಂಗಿ ಕಿಸೆಯಲ್ಲಿ ದೋಸೆ ಚೂರು ಇದ್ದೇ ಇರುತ್ತದೆ.

ಇಷ್ಟು ಕಲಿತ ನಾಯಿಯನ್ನೂ ನಾನು ಬೆಟ್ಟಕ್ಕೆ ಹೋಗುವಾಗ ಹಗ್ಗದಲ್ಲೇ ಒಯ್ಯುತ್ತೇನೆ. ಯಾಕೆ ಅಂದರೆ ಬಿಟ್ಟ ನಾಯಿ ಮುಂದೆ ಓಡಿ ಕಾಡುಕೋಣವನ್ನೋ ಹಂದಿಯನ್ನೋ ಎಬ್ಬಿಸುತ್ತದೆ, ಅದು ತಿರುಗಿ ನಿಂತ ಕೂಡಲೇ ಹೆದರಿ ನಿಮ್ಮ ಹತ್ತಿರವೇ ಓಡಿ ಬರುತ್ತದೆ, ಅದರ ಹಿಂದೆ ಆ ಪ್ರಾಣಿಯೂ ಬರುತ್ತದೆ. ಯಲ್ಲಾಪುರ, ಮುಂಡಗೋಡ, ಹಳಿಯಾಳದ ಕಡೆ ಆನೆ ಬರುವ ದಿನಗಳಲ್ಲಿ ನಾಯಿಯನ್ನು ಕಾಡಿನ ದಾರಿಗೆ ಕರೆದುಕೊಂಡೇ ಹೋಗಬೇಡಿ. ಬಿಸಿಲು ಏರಿದ ಮೇಲೆ ಹೊರಡಿ, ಮಾತಾಡುತ್ತಾ ನಡೆಯಿರಿ, ಸದ್ದು ಕೇಳಿದರೆ ಹೆಚ್ಚಿನ ಪ್ರಾಣಿಗಳು ತಾವೇ ಸರಿದು ಹೋಗುತ್ತವೆ.

ಹಗ್ಗ ಬೇಕು ಅನ್ನಲು ಇನ್ನೊಂದು ಕಾರಣ ಇದೆ, ಬರೆಯಲು ಬೇಸರವಾಗುತ್ತದೆ. ಹಂದಿಗೆ ಅಂತ ಬೇಲಿ ಸಂದಿಯಲ್ಲಿ ಬೈಕಿನ ಕ್ಲಚ್ ವೈರಿನ ಉರುಳು ಇಡುವವರಿದ್ದಾರೆ, ಹಿಟ್ಟಿನ ಉಂಡೆಯಲ್ಲಿ ಸಿಡಿಮದ್ದು ಇಡುವವರೂ ಇದ್ದಾರೆ. ಎರಡೂ ಕಾನೂನಿಗೆ ವಿರುದ್ಧ. ಎರಡಕ್ಕೂ ನಾಯಿ ಸಿಗುತ್ತದೆ, ಚಿರತೆಯೂ ಸಿಗುತ್ತದೆ. ಬೆಟ್ಟಕ್ಕೆ ಹೋಗುವಾಗ ಒಂದು ಕಟಿಂಗ್ ಪ್ಲೇಯರ್ ಜೊತೆಗಿರಲಿ. ನಾಯಿ ಉರುಳಿಗೆ ಸಿಕ್ಕರೆ ಎಳೆಯಬೇಡಿ, ಎಳೆದಷ್ಟೂ ಬಿಗಿಯುತ್ತದೆ. ಮುಖದ ಮೇಲೆ ಟವೆಲ್ ಹಾಕಿ, ನೋವಿಗೆ ನಿಮ್ಮನ್ನೇ ಕಚ್ಚಬಹುದು, ಆಮೇಲೆ ವೈರ್ ಕತ್ತರಿಸಿ. ದಾರಿಯಲ್ಲಿ ಬಿದ್ದದ್ದನ್ನು ಬಾಯಿಗೆ ಹಾಕದಂತೆ ಮರಿಯಲ್ಲೇ ರೂಢಿ ಮಾಡಿಸಿ.

ಹಂದಿ ಕೋರೆಯಿಂದ ಸೀಳಿದ ಗಾಯ ಹೊರಗೆ ಎರಡು ಇಂಚು ಕಂಡರೂ ಒಳಗೆ ತುಂಬಾ ಆಳ ಇರುತ್ತದೆ. ಅರಿಶಿನ ಮೆತ್ತಿ ಬಿಡಬೇಡಿ, ಕಾಯಿಸಿ ಆರಿಸಿದ ಉಪ್ಪುನೀರಲ್ಲಿ ತೊಳೆದು, ಶುದ್ಧ ಬಟ್ಟೆ ಒತ್ತಿ ಕಟ್ಟಿ ವೈದ್ಯರ ಹತ್ತಿರ ಒಯ್ಯಿರಿ. ಮುಳ್ಳುಹಂದಿಯ ಮುಳ್ಳು ಒಂದೆರಡು ಚುಚ್ಚಿದ್ದರೆ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆದು ತೆಗೆಯಬಹುದು. ಬಾಯಲ್ಲಿ, ಕಣ್ಣಿನ ಹತ್ತಿರ, ಎದೆಯಲ್ಲಿ ಇದ್ದರೆ ಮುಟ್ಟಬೇಡಿ.

ಹಾವಿನ ವಿಷಯ ಸ್ವಲ್ಪ ಜಾಸ್ತಿಯೇ ಹೇಳಬೇಕು. ಕೆಂಚ ಎರಡನೇ ವರ್ಷದಲ್ಲಿ ದರಕಿನ (ಒಣಗಿದ ಎಲೆಯ) ರಾಶಿಗೆ ಮೂತಿ ಹಾಕಿತು, ಅಲ್ಲಿ ಕೊಳಕುಮಂಡಲ ಇತ್ತು. ಅರ್ಧ ಗಂಟೆಯಲ್ಲಿ ಮುಖ ಕುಂಬಳಕಾಯಿಯಷ್ಟು ಊದಿತು. ಮೊದಲು ಹೋದ ಕಡೆ ಔಷಧಿ ಇರಲಿಲ್ಲ, ಅಲ್ಲೇ ಒಂದು ಗಂಟೆ ಹೋಯಿತು. ಎರಡನೇ ಕಡೆ ಸಿಕ್ಕಿತು, ಬದುಕಿತು. ಅವತ್ತು ನಾನು ಕಲಿತದ್ದು, ಹೊರಡುವ ಮೊದಲೇ ಫೋನ್ ಮಾಡಿ ವಿಷನಿರೋಧಕ ಇಂಜೆಕ್ಷನ್ ಇದೆಯಾ ಅಂತ ಕೇಳಬೇಕು. ಮನುಷ್ಯರಿಗೆ ಕೊಡುವ ಇಂಜೆಕ್ಷನ್ನೇ ನಾಯಿಗೂ ಕೊಡುತ್ತಾರೆ. ಅದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ನಮ್ಮ ಘಟ್ಟದ ಗುಳಿಮಂಡಲಗಳಿಗೆ ಅದು ಕೆಲಸ ಮಾಡುವುದಿಲ್ಲ, ಅದಕ್ಕೇ ಹಾವು ಹೇಗಿತ್ತು ಅಂತ ದೂರದಿಂದ ನೋಡಿ ನೆನಪಿಟ್ಟುಕೊಳ್ಳಿ, ಆದರೆ ಫೋಟೋಗಾಗಿ ಹತ್ತಿರ ಹೋಗಬೇಡಿ. ಕಚ್ಚಿದ ಜಾಗ ಕೊಯ್ಯಬೇಡಿ, ಹಗ್ಗ ಬಿಗಿಯಬೇಡಿ. ಕುತ್ತಿಗೆ ಪಟ್ಟಿ ಬಿಚ್ಚಿ, ಊತ ಬಂದರೆ ಉಸಿರು ಕಟ್ಟುತ್ತದೆ. ನಡೆಸಬೇಡಿ, ಎತ್ತಿಕೊಂಡು ಹೋಗಿ.

ನಾಯಿ ಒಂದೇ ಕಡೆ ನಿಂತು, ಮುಂದೆ ಹೋಗದೆ ಹಿಂದೂ ಬರದೆ ಬೊಗಳುತ್ತಿದ್ದರೆ ಅಲ್ಲಿ ಹಾವಿದೆ ಅಂತಲೇ ತಿಳಿಯಿರಿ. ಹತ್ತಿರ ಓಡಬೇಡಿ, ದೂರದಿಂದಲೇ "ಬಾ" ಅನ್ನಿ. ಎಂಟು ತಿಂಗಳ ದೋಸೆ ಚೂರು ಕೆಲಸಕ್ಕೆ ಬರುವುದು ಆ ಗಳಿಗೆಯಲ್ಲಿ. ಕಾಳಿಂಗವಾದರೂ ಇದನ್ನೇ ಮಾಡಿ. ಅದು ತಿನ್ನುವುದು ಹೆಚ್ಚಾಗಿ ಬೇರೆ ಹಾವುಗಳನ್ನು, ನಾಯಿಯನ್ನು ಒಳಗೆ ಹಾಕಿ ದಾರಿ ಬಿಟ್ಟರೆ ಅದು ಅದರ ಪಾಡಿಗೆ ಹೋಗುತ್ತದೆ.

ರಕ್ತ ಹೀರುವ ಉಣ್ಣೆಯನ್ನು (ಉಣ್ಣಿ) ಸಣ್ಣ ವಿಷಯ ಅಂದುಕೊಳ್ಳಬೇಡಿ. ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ. 2024ರಲ್ಲಿ ನಮ್ಮ ಸಿದ್ದಾಪುರದ ಕಡೆ ಮತ್ತೆ ಜನ ಇದರಿಂದ ನರಳಿದರು. ಮಳೆಗಾಲ ಮುಗಿದು ಒಣಗುವ ದಿನಗಳಿಂದ ಮೇ ತನಕ ಉಣ್ಣೆ ಕಾಟ ಜಾಸ್ತಿ. ನಾಯಿ ದರಕಿನಲ್ಲಿ ಹೊರಳಿ ಬಂದು ಜಗುಲಿಯಲ್ಲಿ ಮಲಗಿದರೆ ಅದರ ಮೈಮೇಲಿನ ಉಣ್ಣೆಯೂ ಮನೆಗೆ ಬಂತು. ಹೊರಗಿಂದ ಬಂದ ಕೂಡಲೇ ಕಿವಿಯ ಒಳಗೆ, ಕಾಲ್ಬೆರಳ ಸಂದಿ, ಕಂಕುಳು ನೋಡಿ. ಕಂಡದ್ದನ್ನು ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ, ಉಗುರಲ್ಲಿ ಒತ್ತಿ ಒಡೆಯಬೇಡಿ. ವೈದ್ಯರು ಹೇಳಿದ ಉಣ್ಣೆ ಔಷಧಿಯನ್ನು ತಪ್ಪದೆ ಹಾಕಿ. ಮನೆಯಲ್ಲಿ ಬೆಕ್ಕಿದ್ದರೆ ಅದನ್ನೂ ಹೇಳಿ, ನಾಯಿಯ ಕೆಲವು ಔಷಧಿ ಬೆಕ್ಕಿಗೆ ವಿಷ. ಸತ್ತ ಮಂಗ ಕಂಡರೆ ನಾಯಿಯನ್ನು ಹತ್ತಿರ ಬಿಡದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮಳೆಗಾಲದ ಉಂಬಳಕ್ಕೆ (ಜಿಗಣೆ) ಉಪ್ಪು ಸಾಕು. ಆದರೆ ಹಳ್ಳದ ನೀರು ಕುಡಿದ ನಾಯಿ ದಿನಗಟ್ಟಲೆ ಸೀನುತ್ತಾ ಒಂದೇ ಹೊಳ್ಳೆಯಲ್ಲಿ ರಕ್ತ ಬಂದರೆ ಮೂಗಿನೊಳಗೆ ಉಂಬಳ ಹೊಕ್ಕಿರಬಹುದು, ವೈದ್ಯರಿಗೆ ತೋರಿಸಿ.

ತೋಟದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ದಿನ ನಾಯಿಯನ್ನು ಕಟ್ಟಿಹಾಕಿ. ಮೈಲುತುತ್ತ ಕಲಸಿದ ಡ್ರಮ್ಮಿನಿಂದ ನೀರು ಕುಡಿದರೆ ವಿಷವಾಗುತ್ತದೆ.

ಇಷ್ಟು ಹೊತ್ತು ಕಾಡಿನಿಂದ ನಾಯಿಗೆ ಆಗುವ ತೊಂದರೆ ಹೇಳಿದೆ. ನಾಯಿಯಿಂದ ಕಾಡಿಗೆ ಆಗುವುದೂ ಕಡಿಮೆ ಇಲ್ಲ. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಸಿಂಹಗಳು ಸತ್ತಾಗ ಅವುಗಳಲ್ಲಿ ಸಿಕ್ಕಿದ್ದು ಡಿಸ್ಟೆಂಪರ್ ವೈರಸ್, ನಮ್ಮ ನಾಯಿಮರಿಗಳನ್ನು ಕೊಲ್ಲುವ ಅದೇ ಕಾಯಿಲೆ. ನಮ್ಮ ಕಾಡಿನ ಸೀಳುನಾಯಿ, ನರಿಗಳಿಗೂ ಅದು ಅಂಟುತ್ತದೆ. ಹಾಗಾಗಿ ರೇಬಿಸ್ ಲಸಿಕೆ ಒಂದೇ ಸಾಲದು, ಡಿಸ್ಟೆಂಪರ್ ಲಸಿಕೆಯನ್ನೂ ಹಾಕಿಸಿ. ರೇಬಿಸ್ ಲಸಿಕೆ ಮೂರು ತಿಂಗಳ ಮರಿಗೆ, ಆಮೇಲೆ ವೈದ್ಯರು ಹೇಳಿದ ಲೆಕ್ಕದಲ್ಲಿ ಮತ್ತೆ, ಪ್ರತಿ ವರ್ಷ. ನಾಯಿಯನ್ನು ಯಾವುದಾದರೂ ಕಾಡುಪ್ರಾಣಿ ಕಚ್ಚಿದ್ದರೆ ಲಸಿಕೆ ಆಗಿದ್ದರೂ ಮತ್ತೆ ತೋರಿಸಿ. ನಿಮಗೆ ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಸಂತಾನಹರಣ ಆಪರೇಷನ್ನೂ ಮಾಡಿಸಿ, ಅಲೆಯುವುದು ಕಡಿಮೆಯಾಗುತ್ತದೆ, ರಸ್ತೆಗೆ ಬೀಳುವ ಮರಿಗಳೂ ಇರುವುದಿಲ್ಲ.

ಉಡ, ಚಿಪ್ಪುಹಂದಿ, ಮೊಲ ಹಿಡಿದ ನಾಯಿಯನ್ನು ಭೇಷ್ ಅನ್ನಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ನಾಯಿ ಛೂ ಬಿಟ್ಟು ಬೇಟೆ ಆಡಿಸುವುದೂ ಅಪರಾಧವೇ. ಉಡ ಬಿಲಕ್ಕೆ ಹೊಕ್ಕರೆ ನಾಯಿಯನ್ನು ಕರೆದುಕೊಂಡು ಮನೆಗೆ ಬನ್ನಿ.

ಘಟ್ಟದ ಕೆಳಗಿನವರಿಗೆ, ಕಾರವಾರ, ಅಂಕೋಲಾ, ಹೊನ್ನಾವರದ ದಂಡೆ ಮನೆಯವರಿಗೆ, ಒಂದು ಮಾತು. ಚಳಿಗಾಲದಲ್ಲಿ ಕಡಲಾಮೆಗಳು ರಾತ್ರಿ ದಂಡೆಗೆ ಬಂದು ಮರಳಲ್ಲಿ ಮೊಟ್ಟೆ ಇಡುತ್ತವೆ, ಮರಿ ಹೊರಬರಲು ಸುಮಾರು 45ರಿಂದ 60 ದಿನ. ನಾಯಿಗೆ ಆ ವಾಸನೆ ತಕ್ಷಣ ಸಿಗುತ್ತದೆ, ಒಂದು ರಾತ್ರಿಯಲ್ಲಿ ಇಡೀ ಗೂಡು ಬಗೆದು ತಿನ್ನುತ್ತದೆ. ಆ ತಿಂಗಳುಗಳಲ್ಲಿ ದಂಡೆಗೆ ಹಗ್ಗವಿಲ್ಲದೆ ಬಿಡಬೇಡಿ. ಮರಳ ಮೇಲೆ ಟ್ರ್ಯಾಕ್ಟರ್ ಗಾಲಿಯಂಥ ಗುರುತು ನೀರಿನಿಂದ ಮೇಲೆ ಬಂದು ವಾಪಸು ಹೋಗಿದ್ದು ಕಂಡರೆ ಗೂಡಿದೆ ಅಂತ ತಿಳಿದು ಅರಣ್ಯ ಇಲಾಖೆಗೆ ಹೇಳಿ, ಅವರು ಬಲೆ ಕಟ್ಟಿ ಕಾಯುತ್ತಾರೆ.

ಕೊನೆಗೆ, ಜಗುಲಿ ಬಾಗಿಲ ಹಿಂದೆ ಒಂದು ಕಾಗದ ಅಂಟಿಸಿ. ಅರಣ್ಯ ಸಹಾಯವಾಣಿ 1926, ಪಶು ಸಂಜೀವಿನಿ ಆಂಬುಲೆನ್ಸ್ 1962, ನಿಮ್ಮ ಪಶುವೈದ್ಯರ ನಂಬರ್, ರಾತ್ರಿ ಕರೆದರೆ ಬರುವ ಒಬ್ಬ ಜೀಪಿನವರ ನಂಬರ್. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ದಣಪೆಯ (ಬೇಲಿಯ ಗೇಟಿನ) ಹತ್ತಿರ ಮಾತ್ರ, ಅದಕ್ಕೆ ಕಾಗದದ ಪಕ್ಕ ಒಂದು ದೊಡ್ಡ ಟಾರ್ಚನ್ನೂ ತೂಗುಹಾಕಿದ್ದೇವೆ.